ಉಕ್ರೇನಿನ ಹಬ್ಬದ ಬ್ರೆಡ್ಡು, ಸಿಹಿತಿಂಡಿ ಮನೆಯಲ್ಲೇ: ಪದೇ ಪದೇ ಕೇಳುವ ಪ್ರಶ್ನೆಗಳು

ಉಕ್ರೇನಿನ ಹಬ್ಬದ ಅಡುಗೆ ಬಗ್ಗೆ ಮಾತು ಬಂದಾಗಲೆಲ್ಲ ಅವೇ ಪ್ರಶ್ನೆಗಳು ಸುತ್ತಿ ಸುತ್ತಿ ಬರುತ್ತವೆ. ಕೆಲವು ಪತ್ರದಲ್ಲಿ ಬಂದವು, ಕೆಲವು ಕಾಫಿ ಕುಡಿಯುತ್ತಾ ಕೇಳಿದವು. ಕೇಳಿದವರಲ್ಲಿ ಮಕ್ಕಳನ್ನು ಖಾರ್ಕಿವ್‌ಗೋ ವಿನ್ನಿತ್ಸ್ಯಾಕ್ಕೋ ಮೆಡಿಕಲ್ ಓದಲು ಕಳಿಸಿದ್ದ ತಾಯಂದಿರಿದ್ದಾರೆ. ಕೆನಡಾದ ವಿನ್ನಿಪೆಗ್, ಎಡ್ಮಂಟನ್ ಕಡೆ ಉಕ್ರೇನಿ ನೆರೆಹೊರೆ ಸಿಕ್ಕವರಿದ್ದಾರೆ. ಸುಮ್ನೆ ಬೇಕಿಂಗ್ ಹುಚ್ಚು ಹಿಡಿದವರೂ ಇದ್ದಾರೆ. ಸುಲಭದ್ದು ಮೊದಲು, ತಿಣುಕಿಸುವಂಥದ್ದು ಕೊನೆಗೆ.

## ಮೊದಲು ಇಷ್ಟು ಗೊತ್ತಿರಲಿ

ಯಾವ ಹಬ್ಬಕ್ಕೆ ಏನು ಮಾಡ್ತಾರೆ? ಹೆಸರೆಲ್ಲ ಒಂದೇ ಥರ ಕೇಳಿಸುತ್ತೆ, ತಲೆಗೆ ಹೋಗ್ತಿಲ್ಲ.

ಹೆಸರು ಬಾಯಿಪಾಠ ಮಾಡುವ ಮೊದಲು ಒಂದು ವಿಷಯ ಹಿಡಿದುಕೊಳ್ಳಿ. ಅಲ್ಲಿನ ಹಬ್ಬದ ಅಡುಗೆಯಲ್ಲಿ ಎರಡೇ ಪಂಗಡ. ಉಪವಾಸದ್ದು 'ಪಿಸ್ನೆ'. ಅದರಲ್ಲಿ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಇಲ್ಲ. ಉಪವಾಸ ಮುರಿದ ಮೇಲಿನದು 'ಸ್ಕೊರೊಮ್ನೆ'. ಅದರಲ್ಲಿ ಎಲ್ಲವೂ ಧಾರಾಳ. ತಿಂಡಿ ಯಾವ ಪಂಗಡದ್ದು ಅಂತ ಗೊತ್ತಾದರೆ ಹಿಟ್ಟಿಗೆ ಏನು ಬೀಳಬೇಕು ಅನ್ನುವುದು ಅರ್ಧ ಗೊತ್ತಾದ ಹಾಗೆ.

ಡಿಸೆಂಬರ್ 24ರ ರಾತ್ರಿ 'ಸ್ವ್ಯಾತ್ ವೆಚಿರ್'. ಅಂದು 12 ಬಗೆ ಅಡುಗೆ, ಎಲ್ಲವೂ ಉಪವಾಸದ್ದು. ಗೋಧಿ, ಗಸಗಸೆ, ಜೇನಿನ ಕುತ್ಯಾ, ಜಡೆ ಹೆಣೆದ ಬ್ರೆಡ್ಡು ಕೊಲಾಚ್, ಕರಿದ ಬನ್ನು ಪಂಪುಷ್ಕಿ, ಗಸಗಸೆ ಸುರುಳಿ ಮಾಕಿವ್ನಿಕ್ ಇವೆಲ್ಲ ಆ ಹೊತ್ತಿನವು. ಮಾರನೆಯ ದಿನದಿಂದ ಮೊಟ್ಟೆ, ಬೆಣ್ಣೆ ಬೀಳುವ ಜೇನಿನ ಕೇಕು ಮೆದಿವ್ನಿಕ್, ಚೀಸ್ ಕೇಕು ಸಿರ್ನಿಕ್ ಹೊರಬರುತ್ತವೆ. ಈಸ್ಟರ್‌ಗೆ ಮೊಟ್ಟೆ, ಬೆಣ್ಣೆ ಧಾರಾಳವಾಗಿ ಬೀಳುವ ಸಿಹಿ ಬ್ರೆಡ್ಡುಗಳು, ಪಾಸ್ಕಾ ಮತ್ತು ಬಾಬ್ಕಾ.

ನಡುನಡುವೆ ಸಣ್ಣ ದಿನಗಳೂ ಉಂಟು. ನವೆಂಬರ್ 30ರ ಹೊತ್ತಿಗೆ ಕಲಿತಾ ಅನ್ನುವ ಚಪ್ಪಟೆ ಬ್ರೆಡ್ಡು. ಡಿಸೆಂಬರ್ 6ಕ್ಕೆ ಸಂತ ನಿಕೊಲಾಯ್ ಬಿಸ್ಕತ್ತು. ಮಾರ್ಚ್ 9ಕ್ಕೆ ಹಕ್ಕಿ ಆಕಾರದ ಪುಟ್ಟ ಬನ್ನು. ಆಗಸ್ಟ್ 1ಕ್ಕೆ ಮಾಕೊವಿಯಾ ಹಬ್ಬ. ಅಂದು ಚಪ್ಪಟೆ ರೊಟ್ಟಿ ಮುರಿದು ಗಸಗಸೆ ಹಾಲು, ಜೇನಿನಲ್ಲಿ ನೆನೆಸಿದ ಶುಲಿಕಿ. ಮದುವೆಯ ಬ್ರೆಡ್ಡು ಕೊರೊವಾಯ್‌ಗೆ ಮಾತ್ರ ತಿಥಿ ಇಲ್ಲ.

ಅವರ ಕ್ರಿಸ್ಮಸ್ ಡಿಸೆಂಬರ್ 25ಕ್ಕಾ, ಜನವರಿ 7ಕ್ಕಾ?

ಈಗ ಡಿಸೆಂಬರ್ 25. 2023ರ ಸೆಪ್ಟೆಂಬರ್ 1ರಿಂದ ಉಕ್ರೇನಿನ ಆರ್ಥೊಡಾಕ್ಸ್ ಚರ್ಚು ಮತ್ತು ಗ್ರೀಕ್ ಕ್ಯಾಥೊಲಿಕ್ ಚರ್ಚು ಹೊಸ ಪಂಚಾಂಗಕ್ಕೆ ಬಂದವು. ಅದೇ ವರ್ಷ ಜುಲೈನಲ್ಲಿ ಸರ್ಕಾರಿ ರಜೆಯೂ ಜನವರಿ 7ರಿಂದ ಡಿಸೆಂಬರ್ 25ಕ್ಕೆ ಹೋಯಿತು. ಹಾಗಾಗಿ ಹಳೇ ರೆಸಿಪಿಗಳಲ್ಲಿ ಕಾಣುವ ತಾರೀಖಿಗೂ ಈಗಿನದಕ್ಕೂ 13 ದಿನ ವ್ಯತ್ಯಾಸ. ಮಾಸ್ಕೋ ಕಡೆಗೆ ವಾಲಿದ ಚರ್ಚುಗಳು ಹಳೇ ಲೆಕ್ಕ ಬಿಟ್ಟಿಲ್ಲ. ಕೆನಡಾದ ಕೆಲವು ಮನೆಗಳೂ ಬಿಟ್ಟಿಲ್ಲ. ಈಸ್ಟರ್ ಲೆಕ್ಕ ಮಾತ್ರ ಉಕ್ರೇನಿನಲ್ಲಿ ಬದಲಾಗಿಲ್ಲ. 2026ರಲ್ಲಿ ಅದು ಏಪ್ರಿಲ್ 12, ಪಶ್ಚಿಮದ ಈಸ್ಟರ್‌ಗಿಂತ ಒಂದು ವಾರ ತಡ. ಪಾಸ್ಕಾ ಮಾಡಿ ಉಕ್ರೇನಿ ಗೆಳೆಯರಿಗೆ ಕೊಡುವವರು ತಾರೀಖು ಕೇಳಿಕೊಂಡೇ ಹಿಟ್ಟು ಕಲಸಿ.

ನಮ್ಮನೇಲಿ ಮೊಟ್ಟೆ ಮುಟ್ಟಲ್ಲ. ಎಗ್‌ಲೆಸ್ ಪಾಸ್ಕಾ ರೆಸಿಪಿ ಕೊಡ್ತೀರಾ?

ಕೊಡಬಹುದು, ಆದರೆ ಕೊಡುವುದಿಲ್ಲ. ಪಾಸ್ಕಾ ಇರುವುದೇ ಮೊಟ್ಟೆಗೋಸ್ಕರ. ಈಸ್ಟರ್‌ಗೆ ಮೊದಲಿನ ಏಳು ವಾರದ ತಪಸ್ಸುಕಾಲದಲ್ಲಿ ಮನೆಯವರು ಮೊಟ್ಟೆ, ಹಾಲು, ಬೆಣ್ಣೆ ಮುಟ್ಟುವುದಿಲ್ಲ. ಕೋಳಿ ಮೊಟ್ಟೆ ಇಡುವುದನ್ನು ನಿಲ್ಲಿಸುವುದಿಲ್ಲ, ಹಸುವೂ ಹಾಲು ನಿಲ್ಲಿಸುವುದಿಲ್ಲ. ಹಾಗೆ ಕೂಡಿಬಿದ್ದದ್ದೆಲ್ಲ ಈಸ್ಟರ್ ಹಿಟ್ಟಿಗೆ ಹೋಗುತ್ತದೆ. ಮೊಟ್ಟೆ ತೆಗೆದರೆ ಉಳಿಯುವುದು ಒಂದು ಒಳ್ಳೆಯ ಸಿಹಿ ಬನ್ನು. ಅದಕ್ಕೆ ಪಾಸ್ಕಾ ಅನ್ನುವ ಹೆಸರು ಯಾಕೆ?

ಮೊಟ್ಟೆ ತಿನ್ನದವರಿಗೆ ಇದಕ್ಕಿಂತ ಒಳ್ಳೇ ದಾರಿ ಇದೆ. ಕ್ರಿಸ್ಮಸ್ ಹಿಂದಿನ ರಾತ್ರಿಯ ಊಟ ನೋಡಿ. ಮೀನು ಒಂದು ಬಿಟ್ಟರೆ ಇಡೀ ಮೇಜು ಸಸ್ಯಾಹಾರ. ಕುತ್ಯಾ, ಉಪವಾಸದ ಕೊಲಾಚ್, ಎಣ್ಣೆ ಹಿಟ್ಟಿನ ಪಂಪುಷ್ಕಿ, ಒಣಹಣ್ಣು ಬೇಯಿಸಿದ ಉಜ್ವಾರ್ ಯಾವುದಕ್ಕೂ ಮೊಟ್ಟೆ ಇಲ್ಲ, ಹಾಲೂ ಇಲ್ಲ. ಇವನ್ನು ಯಾರೂ ನಮಗೋಸ್ಕರ ತಿದ್ದಿದ್ದಲ್ಲ, ಮೊದಲಿನಿಂದ ಹಾಗೇ ಇವೆ. ನೀವು ಅಲ್ಲಿಂದ ಶುರು ಮಾಡಿ. ನಕಲು ಮಾಡಿದ ಹಾಗಾಗುವುದಿಲ್ಲ.

ಬೇಕಿಂಗ್ ಗೊತ್ತಿಲ್ಲ, ಓವನ್ನೂ ಇಲ್ಲ. ಆದ್ರೂ ಏನಾದ್ರೂ ಮಾಡ್ಬೇಕು.

ಕುತ್ಯಾ ಮಾಡಿ. ಆ ರಾತ್ರಿ ಊಟ ಶುರುವಾಗುವುದೇ ಇದರಿಂದ. ಮೊದಲ ನಕ್ಷತ್ರ ಕಂಡ ಮೇಲೆ ಮನೆಯವರೆಲ್ಲ ಒಂದೊಂದು ಚಮಚ ತಿನ್ನುತ್ತಾರೆ. ಉಳಿದದ್ದನ್ನು ಚಮಚಗಳ ಸಮೇತ ರಾತ್ರಿಯಿಡೀ ಮೇಜಿನ ಮೇಲೆ ಬಿಡುವ ಮನೆಗಳಿವೆ. ತೀರಿಹೋದ ಹಿರಿಯರು ಬಂದು ತಿನ್ನಲಿ ಅಂತ.

ಬೇಕಾದ್ದು ಸಿಪ್ಪೆ ಹೋದ ಇಡೀ ಗೋಧಿ, ಗಸಗಸೆ, ಜೇನು, ಅಕ್ರೋಟು, ಒಣದ್ರಾಕ್ಷಿ. ಉತ್ತರ ಕರ್ನಾಟಕದವರಿಗೆ ಇದನ್ನು ವಿವರಿಸಬೇಕಿಲ್ಲ. ಹುಗ್ಗಿಗೆ ತರುವ ಕುಟ್ಟಿದ ಗೋಧಿಯೇ ಇದಕ್ಕೂ ಆಗುತ್ತದೆ. ಅಲ್ಲಿ ಬೆಲ್ಲ, ಇಲ್ಲಿ ಜೇನು. ಗಸಗಸೆ ಎರಡಕ್ಕೂ ಬೀಳುತ್ತದೆ. ಒಂದು ಲೋಟ ಗೋಧಿ ರಾತ್ರಿ ನೆನೆಸಿ. ಬೆಳಿಗ್ಗೆ ಕುಕ್ಕರ್‌ನಲ್ಲಿ ಮೆತ್ತಗೆ ಬೇಯಿಸಿ, ಆದರೆ ಕಾಳು ಕಾಳಾಗಿ ಉಳಿಯಬೇಕು, ಮುದ್ದೆ ಆಗಬಾರದು. ಅರ್ಧ ಲೋಟ ಗಸಗಸೆಗೆ ಕುದಿಯುವ ನೀರು ಸುರಿದು, ಆರಿದ ಮೇಲೆ ಬಸಿದು ರುಬ್ಬಿ. ಗೋಧಿ ಪೂರ್ತಿ ತಣ್ಣಗಾದ ಮೇಲೆ ಮೂರ್ನಾಲ್ಕು ಚಮಚ ಜೇನು, ಗಸಗಸೆ, ಹುರಿದ ಅಕ್ರೋಟು, ದ್ರಾಕ್ಷಿ ಬೆರೆಸಿ. ಗಟ್ಟಿ ಅನಿಸಿದರೆ ಉಜ್ವಾರ್ ನೀರು ಹಾಕಿ ಸಡಿಲ ಮಾಡಿ. ಬಿಸಿ ಗೋಧಿಗೆ ಜೇನು ಹಾಕಬೇಡಿ, ಪರಿಮಳ ಹೋಗುತ್ತದೆ.

ಒಂದು ಮಾತು. ಕುತ್ಯಾ ವರ್ಷಕ್ಕೆ ಮೂರು ಸಲ ಬರುತ್ತದೆ: ಕ್ರಿಸ್ಮಸ್ ಹಿಂದಿನ ರಾತ್ರಿ, ಹೊಸ ವರ್ಷದ ಹಿಂದಿನ ರಾತ್ರಿ, ದೇವಪ್ರಕಟಣೆ ಹಬ್ಬದ ಹಿಂದಿನ ರಾತ್ರಿ. ನಡುವಿನದು 'ಶೆದ್ರಾ' ಕುತ್ಯಾ. ಅದಕ್ಕೆ ಬೆಣ್ಣೆ, ಕೆನೆ ಹಾಕಬಹುದು. ಉಳಿದ ಎರಡಕ್ಕೆ ಇಲ್ಲ.

## ಸಾಮಾನು

ಅವರ ಗಸಗಸೆ ಕಪ್ಪು, ನಮ್ಮದು ಬಿಳಿ. ನಡೆಯುತ್ತಾ? ಕಾಮಕಸ್ತೂರಿ ಬೀಜ ಹಾಕ್ಲಾ?

ಬಿಳಿ ಗಸಗಸೆ ನಡೆಯುತ್ತದೆ. ಗಿಡ ಒಂದೇ, ಬಗೆ ಬೇರೆ. ನೀಲಿಗಪ್ಪು ಬೀಜದಲ್ಲಿ ಮಣ್ಣಿನ ಘಮ, ಒಂಚೂರು ಕಹಿ ಇರುತ್ತದೆ. ನಮ್ಮದು ಮೃದು, ಬಾದಾಮಿ ಕಡೆಗೆ ವಾಲಿದ ರುಚಿ. ಸುರುಳಿ ಕತ್ತರಿಸಿದಾಗ ಕಾಣುವ ಕಪ್ಪು ಗೆರೆ ಸಿಗುವುದಿಲ್ಲ, ಅಷ್ಟೇ. ಬಿಳಿಯದಕ್ಕೆ ನಿಂಬೆ ಸಿಪ್ಪೆ ತುರಿ ಜಾಸ್ತಿ ಹಾಕಿ, ಸಪ್ಪೆ ಅನಿಸುವುದಿಲ್ಲ.

ಕಾಮಕಸ್ತೂರಿ ಬೇಡವೇ ಬೇಡ. ನೀರು ತಾಕಿದ ಕೂಡಲೇ ಲೋಳೆ ಬಿಡುತ್ತದೆ. ಕರಿ ಎಳ್ಳೂ ಬೇಡ, ರುಚಿ ಬೇರೆಲ್ಲಿಗೋ ಹೋಗುತ್ತದೆ.

ಗಸಗಸೆ ಚೆನ್ನಾಗಿ ಅರೆದಿದೆ ಅನ್ನುವುದಕ್ಕೆ ಗುರುತು ಹಾಲು. ಉಕ್ರೇನಿನಲ್ಲಿ ಮಾಕಿತ್ರಾ ಅನ್ನುವ ಒಳಗೆ ಗೀರಿರುವ ಮಣ್ಣಿನ ಪಾತ್ರೆಯಲ್ಲಿ ಮರದ ಗುಂಡಿನಿಂದ ತಿರುವಿ ತಿರುವಿ ಅರೆಯುತ್ತಾರೆ. ಅಂಚಿನಲ್ಲಿ ಬಿಳಿ ಹಾಲು ಜಿನುಗುವ ತನಕ ನಿಲ್ಲಿಸುವುದಿಲ್ಲ. ಮಿಕ್ಸಿಯ ಚಟ್ನಿ ಜಾರಿನಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿದರೂ ಬರುತ್ತದೆ. ಒಳಕಲ್ಲು ಇದ್ದವರು ಪುಣ್ಯವಂತರು.

ಕೊಲ್ಲಿಯಲ್ಲಿ, ಆಗ್ನೇಯ ಏಷ್ಯಾದಲ್ಲಿ ಇರುವವರಿಗೆ ಎಚ್ಚರಿಕೆ: ಯುಎಇ, ಸಿಂಗಪುರದಲ್ಲಿ ಗಸಗಸೆ ನಿಷಿದ್ಧ. ಊರಿನಿಂದ ಬರುವವರ ಚೀಲದಲ್ಲಿ ತರಿಸಿಕೊಳ್ಳುವ ಸಾಹಸ ಬೇಡ. ಅಲ್ಲಿ ಅಕ್ರೋಟಿನ ಹೂರಣದ ಸುರುಳಿ ಮಾಡಿ. ಅದೂ ಉಕ್ರೇನಿನದೇ.

ಮೈದಾ ಸಾಕಾ, ಬ್ರೆಡ್ ಹಿಟ್ಟೇ ಬೇಕಾ?

ಕರಿಯುವುದಕ್ಕೆ, ಕೇಕಿಗೆ ಮೈದಾ ಸಾಕು. ಪಾಸ್ಕಾ, ಕೊಲಾಚ್, ಕೊರೊವಾಯ್‌ಗೆ ಪ್ರೊಟೀನ್ ಶೇ 12ರ ಆಸುಪಾಸು ಇರುವ ಹಿಟ್ಟು ಒಳ್ಳೆಯದು. ಅಂಗಡಿ ಮೈದಾ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. 500 ಗ್ರಾಂ ಮೈದಾಕ್ಕೆ ಒಂದು ದೊಡ್ಡ ಚಮಚ ಗ್ಲುಟೆನ್ ಪುಡಿ ಬೆರೆಸಿದರೆ ಕೆಲಸ ಆಗುತ್ತದೆ. ಅದೂ ಸಿಗದಿದ್ದರೆ ಹಾಲು 20 ಮಿ.ಲೀ. ಕಡಿಮೆ ಮಾಡಿ, ನಾದುವುದು ಜಾಸ್ತಿ ಮಾಡಿ. ಚಪಾತಿ ಗೋಧಿಹಿಟ್ಟು ಬೆರೆಸುವ ಸಲಹೆ ಆಗಾಗ ಕೇಳುತ್ತೇನೆ. ಬೇಡ. ಅದರಲ್ಲಿರುವ ತೌಡು ಹಿಟ್ಟಿನ ಎಳೆಯನ್ನು ಕತ್ತರಿಸುತ್ತದೆ.

ರೆಸಿಪಿಯಲ್ಲಿ 'ಸಿರ್' ಅಂತ ಇದೆ. ಪನೀರ್ ಹಾಕ್ಬಹುದಾ?

ಸಿರ್ ಅಂದರೆ ಮೊಸರಿನಿಂದ ಮಾಡುವ ಮೆತ್ತನೆ ಚೀಸ್. ಪನೀರ್ ರಬ್ಬರಿನ ಹಾಗೆ ಹಿಡಿದುಕೊಳ್ಳುತ್ತದೆ, ಕೇಕಿನಲ್ಲಿ ಕರಗುವುದಿಲ್ಲ. ಬಟ್ಟೆಯಲ್ಲಿ ಕಟ್ಟಿ ನೇತುಹಾಕಿದ ಮೊಸರು ನೀರುನೀರು, ಹುಳಿಯೂ ಜಾಸ್ತಿ. ಸಿರ್ ಮಾಡುವುದು ಹೀಗೆ: ಗಟ್ಟಿ ಹಾಲಿನ, ಹೆಚ್ಚು ಹುಳಿಯಾಗದ 2 ಲೀಟರ್ ಮೊಸರನ್ನು ಪಾತ್ರೆ ಸಮೇತ ಬಿಸಿನೀರಿನಲ್ಲಿ ಕೂರಿಸಿ ಸಣ್ಣ ಉರಿ ಇಡಿ. ಕಲಕಬೇಡಿ. ಸ್ವಲ್ಪ ಹೊತ್ತಿಗೆ ಅಂಚಿನಲ್ಲಿ ಹಸಿರು ಮಿಶ್ರಿತ ನೀರು ಬಿಡುತ್ತದೆ. ಆಗ ಇಳಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ. ಸುಮಾರು ಅರ್ಧ ಕಿಲೋ ಮೆತ್ತನೆ ಸಿರ್ ಸಿಗುತ್ತದೆ. ಕುದಿಸಿದರೆ ಮರಳು ಮರಳಾಗುತ್ತದೆ, ಆಗ ಜರಡಿಯಲ್ಲಿ ಉಜ್ಜಿದರೂ ನಯ ಬರುವುದಿಲ್ಲ. ಲ್ವಿವ್ ಊರಿನ ಚಾಕೊಲೇಟ್ ಹೊದಿಸಿದ ಸಿರ್ನಿಕ್‌ಗೆ ಈ ನಯವೇ ಜೀವ. ಕೆಲವರು ಬೇಯಿಸಿದ ಆಲೂಗಡ್ಡೆ ಒಂದೆರಡು ಮಸೆದು ಸೇರಿಸುವುದೂ ಅದಕ್ಕೇ.

ಬೆಣ್ಣೆ ಬದಲು ತುಪ್ಪ?

ಆಗುತ್ತದೆ. 100 ಗ್ರಾಂ ಬೆಣ್ಣೆ ಇದ್ದಲ್ಲಿ 80 ಗ್ರಾಂ ತುಪ್ಪ ಸಾಕು. ಅಂಗಡಿಯ ಹಳದಿ ಬೆಣ್ಣೆಯಲ್ಲಿ ಉಪ್ಪಿರುತ್ತದೆ, ಹಿಟ್ಟಿನ ಉಪ್ಪು ಕಡಿಮೆ ಮಾಡಿ.

## ಪಾಸ್ಕಾ, ಬಾಬ್ಕಾ

ಒಂದು ನಂಬಿಕೊಳ್ಳಬಹುದಾದ ಪಾಸ್ಕಾ ಅಳತೆ ಹೇಳಿ, ಓಟಿಜಿಗೆ (ಮನೆಯ ಸಣ್ಣ ಕರೆಂಟ್ ಓವನ್) ಹೊಂದೋ ಹಾಗೆ.

ಆರು ಇಂಚಿನ ಎತ್ತರದ ಎರಡು ಡಬ್ಬಿಗೆ ಇದು ಸರಿಹೋಗುತ್ತದೆ. ಹಿಟ್ಟು 500 ಗ್ರಾಂ, ಹಾಲು 180 ಮಿ.ಲೀ., ಇನ್‌ಸ್ಟಂಟ್ ಈಸ್ಟ್ 7 ಗ್ರಾಂ, ಸಕ್ಕರೆ 120 ಗ್ರಾಂ, ಇಡೀ ಮೊಟ್ಟೆ 2, ಬರೀ ಹಳದಿ 3, ಬೆಣ್ಣೆ 100 ಗ್ರಾಂ, ಒಂದು ಚಿಕ್ಕ ಚಮಚ ಉಪ್ಪು, ಒಂದು ಕಿತ್ತಳೆಯ ಸಿಪ್ಪೆ ತುರಿ, ಒಣದ್ರಾಕ್ಷಿ 100 ಗ್ರಾಂ. ಬಣ್ಣಕ್ಕೆ ನಾಲ್ಕು ಎಸಳು ಕೇಸರಿಯನ್ನು ಹಾಲಿನಲ್ಲಿ ನೆನೆಸಿ ಹಾಕಬಹುದು.

ಮೊದಲು ಒಪಾರಾ, ಅಂದರೆ ತೆಳು ಹುದುಗು. ಉಗುರುಬೆಚ್ಚಗಿನ ಹಾಲು, ಈಸ್ಟ್, ಒಂದು ಚಮಚ ಸಕ್ಕರೆ, 150 ಗ್ರಾಂ ಹಿಟ್ಟು ಕಲಸಿ ಮುಚ್ಚಿಡಿ. ಅದು ಉಬ್ಬಿ, ಮೇಲೆಲ್ಲ ಗುಳ್ಳೆ ಬಂದು, ನಡುವೆ ಸ್ವಲ್ಪ ತಗ್ಗಾದಾಗ ಸರಿಯಾದ ಹೊತ್ತು. ಈ ಹಂತ ಬಿಡಬೇಡಿ. ಸಕ್ಕರೆ, ಬೆಣ್ಣೆ ಜಾಸ್ತಿ ಇರುವ ಹಿಟ್ಟಿನಲ್ಲಿ ಈಸ್ಟ್ ನಿಧಾನ, ಅದಕ್ಕೆ ಮೊದಲೇ ಶಕ್ತಿ ತುಂಬಬೇಕು.

ಮೊಟ್ಟೆ, ಸಕ್ಕರೆಯನ್ನು ಬಿಳುಚುವಷ್ಟು ಕಡೆದು ಸೇರಿಸಿ. ಉಳಿದ ಹಿಟ್ಟು, ಉಪ್ಪು, ತುರಿ ಹಾಕಿ ಹತ್ತು ನಿಮಿಷ ನಾದಿ. ಆಮೇಲೆ ಮೆತ್ತಗಾದ ಬೆಣ್ಣೆಯನ್ನು ಚೂರುಚೂರೇ ಸೇರಿಸಿ ಇನ್ನೂ ಹತ್ತು ನಿಮಿಷ. ಕೈಗೆ ಅಂಟುತ್ತದೆ. ಅಂಟಲಿ. ಮೇಲಿಂದ ಹಿಟ್ಟು ಉದುರಿಸುತ್ತಾ ಹೋದರೆ ಪಾಸ್ಕಾ ಮಾರನೇ ದಿನವೇ ಒಣಕಲು. ನಾದುತ್ತಾ ಹೋದಂತೆ ಪಾತ್ರೆ ಬಿಟ್ಟು ಒಟ್ಟಾಗುತ್ತದೆ, ಎಳೆದರೆ ತೆಳ್ಳಗೆ ಹಿಗ್ಗುತ್ತದೆ. ನೆನೆಸಿ ಒರೆಸಿದ ದ್ರಾಕ್ಷಿಯನ್ನು ಆಗ ಸೇರಿಸಿ.

ಎರಡರಷ್ಟು ಉಬ್ಬಲು ಬೆಂಗಳೂರಿನ ಹವೆಗೆ ಒಂದೂವರೆ ತಾಸು ಬೇಕಾಗಬಹುದು. ಏಪ್ರಿಲ್‌ನ ರಾಯಚೂರಿನಲ್ಲಿ ಅದರ ಅರ್ಧ. ಗಡಿಯಾರ ನೋಡಬೇಡಿ, ಹಿಟ್ಟು ನೋಡಿ. ಡಬ್ಬಿಯ ಅರ್ಧಕ್ಕಿಂತ ಕಡಿಮೆ ತುಂಬಿ, ಮುಕ್ಕಾಲಿಗೆ ಬಂದಾಗ ಓವನ್‌ಗೆ ಇಡಿ. 180 ಡಿಗ್ರಿಯಲ್ಲಿ ಹತ್ತು ನಿಮಿಷ, ಆಮೇಲೆ 160ಕ್ಕೆ ಇಳಿಸಿ 35ರಿಂದ 40 ನಿಮಿಷ. ಓಟಿಜಿಯಲ್ಲಿ ಮೇಲಿನ ಕಂಬಿ ಹತ್ತಿರ ಇರುವುದರಿಂದ ತಲೆ ಬೇಗ ಕಪ್ಪಾಗುತ್ತದೆ. ಬಣ್ಣ ಬಂದ ಕೂಡಲೇ ಫಾಯಿಲ್ ಮುಚ್ಚಿ. ಥರ್ಮಾಮೀಟರ್ ಇದ್ದರೆ ನಡುವೆ 90 ಡಿಗ್ರಿ ಬಂದಿರಬೇಕು.

ಕೆಲವು ಫೋಟೋದಲ್ಲಿ ಬಿಳಿ ಐಸಿಂಗ್, ಕೆಲವದರಲ್ಲಿ ಜಡೆ, ಶಿಲುಬೆ. ಯಾವುದು ಸರಿ?

ಎರಡೂ ಸರಿ. ಪಶ್ಚಿಮ ಉಕ್ರೇನಿನಲ್ಲಿ ಅಗಲವಾಗಿ, ಕುಳ್ಳಗೆ ಮಾಡಿ ಮೇಲೆ ಹಿಟ್ಟಿನದೇ ಜಡೆ, ಶಿಲುಬೆ, ಹೂ ಹೆಣೆಯುವುದು ಜಾಸ್ತಿ. ಮಧ್ಯ ಮತ್ತು ಪೂರ್ವ ಭಾಗದಲ್ಲಿ ಎತ್ತರದ ಡಬ್ಬಿ ಆಕಾರ, ಮೊಟ್ಟೆ ಬಿಳಿಯ ಐಸಿಂಗ್, ಬಣ್ಣದ ಕಾಳು. ಈಗ ಎಲ್ಲ ಕಡೆಯೂ ಎರಡೂ ಸಿಗುತ್ತವೆ. ನನಗೆ ಜಡೆಯದೇ ಇಷ್ಟ. ಐಸಿಂಗ್ ಕತ್ತರಿಸುವಾಗ ಪುಡಿಪುಡಿ ಉದುರುತ್ತದೆ.

ಕುಲಿಚ್ ಅನ್ನುವ ರಷ್ಯನ್ ಹೆಸರಿನಿಂದ ಇದನ್ನು ಕರೆಯಬೇಡಿ. ಅದರಲ್ಲೂ ಈಗ, ಉಕ್ರೇನಿನವರ ಎದುರಿಗೆ.

ಮೇಲೆ ಅಷ್ಟು ಚಂದ ಜಡೆ ಹಾಕಿದೆ, ಬೆಂದ ಮೇಲೆ ಗುರುತೇ ಸಿಗಲಿಲ್ಲ!

ಒಳಗಿನ ಹಿಟ್ಟನ್ನೇ ಅಲಂಕಾರಕ್ಕೆ ಬಳಸಿದರೆ ಹೀಗಾಗುತ್ತದೆ. ಅದು ಉಬ್ಬಿ ಉಬ್ಬಿ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಅಲಂಕಾರಕ್ಕೆ ಬೇರೆ ಗಟ್ಟಿ ಹಿಟ್ಟು ಬೇಕು: 200 ಗ್ರಾಂ ಮೈದಾ, 80 ಮಿ.ಲೀ. ನೀರು, ಒಂದು ಹಳದಿ, ಒಂದೊಂದು ಚಮಚ ಸಕ್ಕರೆ, ಬೆಣ್ಣೆ. ಈಸ್ಟ್ ಒಂದು ಚಿಟಿಕೆ, ಅಥವಾ ಇಲ್ಲವೇ ಇಲ್ಲ. ಪಾಸ್ಕಾ ಡಬ್ಬಿಯಲ್ಲಿ ಉಬ್ಬಿ ಮುಗಿಯುತ್ತಾ ಬಂದಾಗ, ಮೊಟ್ಟೆ ಬಿಳಿ ಹಚ್ಚಿ ಅಂಟಿಸಿ. ಮೊದಲೇ ಇಟ್ಟರೆ ಎಳೆದು ಹರಿಯುತ್ತದೆ. ಕೆಳಗಿನ ಬ್ರೆಡ್ಡಿಗೆ ಹಳದಿ, ಹಾಲು ಬೆರೆಸಿ ಬಳಿಯಿರಿ. ಜಡೆಗೆ ಬರೀ ಬಿಳಿ. ಬೆಂದ ಮೇಲೆ ಕಂದು ನೆಲದ ಮೇಲೆ ತಿಳಿ ಬಣ್ಣದ ಹೂ ಎದ್ದು ಕಾಣುತ್ತದೆ.

ಬಾಬ್ಕಾ ಓವನ್‌ನಿಂದ ತೆಗೆದ ಐದೇ ನಿಮಿಷಕ್ಕೆ ಸೊಂಟ ಮುರಿದು ಕೂತುಬಿಡ್ತು. ಯಾಕೆ?

ಬಾಬ್ಕಾಗೆ ಹಳದಿ ತುಂಬಾ ಬೀಳುತ್ತದೆ, ಹಿಟ್ಟು ಹಗುರ, ಡಬ್ಬಿ ಎತ್ತರ. ಬಿಸಿ ಇರುವಾಗ ಅದಕ್ಕೆ ತನ್ನ ಭಾರ ಹೊರುವ ಶಕ್ತಿ ಇರುವುದಿಲ್ಲ. ಹಳೇ ಕಾಲದ ಹೆಂಗಸರು ಇದಕ್ಕೆ ದಿಂಬು ಬಳಸುತ್ತಿದ್ದರು. ಬಿಸಿ ಬಾಬ್ಕಾವನ್ನು ಬಟ್ಟೆ ಹಾಸಿದ ಮೆತ್ತನೆ ದಿಂಬಿನ ಮೇಲೆ ಅಡ್ಡ ಮಲಗಿಸಿ, ಆಗಾಗ ಮೆಲ್ಲಗೆ ಉರುಳಿಸುತ್ತಾ ಆರಿಸುವುದು. ನಗಬೇಡಿ, ಇವತ್ತಿಗೂ ಇದಕ್ಕಿಂತ ಒಳ್ಳೇ ಉಪಾಯ ಇಲ್ಲ. ಪಾಸ್ಕಾ, ಬಾಬ್ಕಾ ಬೇಯುವಾಗ ಬಾಗಿಲು ಬಡಿಯಬಾರದು, ಜೋರಾಗಿ ಮಾತಾಡಬಾರದು ಅನ್ನುವ ನಂಬಿಕೆಯೂ ಉಂಟು. ಮಾತಿನ ವಿಷಯ ಬಿಡಿ, ಓವನ್ ಬಾಗಿಲು ಮೊದಲ ಅರ್ಧ ತಾಸು ತೆಗೆಯಬೇಡಿ.

ಅಡ್ಡ ಮಲಗಿಸಿಯೂ ಕುಸಿದರೆ ಒಳಗೆ ಬೆಂದಿಲ್ಲ, ಇಲ್ಲವೇ ಡಬ್ಬಿಯಲ್ಲಿ ಜಾಸ್ತಿ ಹೊತ್ತು ಉಬ್ಬಿದೆ.

## ಸುರುಳಿ, ಕೇಕು, ಕರಿದದ್ದು

ಪಂಪುಷ್ಕಿ ಅಂದ್ರೆ ಬೆಳ್ಳುಳ್ಳಿ ಬನ್ನು ಅಲ್ವಾ? ಸಿಹಿ ಹೇಗೆ?

ಬೋರ್ಶ್ ಅನ್ನುವ ಬೀಟ್‌ರೂಟ್ ಸೂಪಿನ ಜೊತೆ ಕೊಡುವ ಬೆಳ್ಳುಳ್ಳಿ ಬನ್ನೂ ಪಂಪುಷ್ಕಿಯೇ, ಅದು ಓವನ್‌ನದು. ಹಬ್ಬದ್ದು ಎಣ್ಣೆಯಲ್ಲಿ ಕರಿದದ್ದು. ಒಳಗೆ ಗಸಗಸೆ, ಒಣ ಪ್ಲಮ್ಮಿನ ಗಟ್ಟಿ ಜಾಮ್ ಅಥವಾ ಗುಲಾಬಿ ಎಸಳಿನ ಜಾಮ್. ಲ್ವಿವ್ ಕಡೆ ಗುಲಾಬಿಯದಕ್ಕೆ ಮರ್ಯಾದೆ ಜಾಸ್ತಿ.

ಗುಲ್ಕಂದ್ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಏಲಕ್ಕಿ, ಸೋಂಪು ಸೇರಿದ ಬೀಡಾ ಅಂಗಡಿಯದು ಬೇಡ, ಬರೀ ಎಸಳು ಸಕ್ಕರೆಯದು ತನ್ನಿ. ನಿಂಬೆರಸ ಹಿಂಡಿ ಮಸೆಯಿರಿ, ಅಲ್ಲಿನ ಜಾಮ್‌ನಲ್ಲಿ ಹುಳಿ ಇರುತ್ತದೆ. ಉಪವಾಸದ ಹಿಟ್ಟಿಗೆ 500 ಗ್ರಾಂ ಮೈದಾ, 280 ಮಿ.ಲೀ. ಬೆಚ್ಚಗಿನ ನೀರು, 50 ಮಿ.ಲೀ. ಎಣ್ಣೆ, 60 ಗ್ರಾಂ ಸಕ್ಕರೆ, 7 ಗ್ರಾಂ ಈಸ್ಟ್, ಉಪ್ಪು. ಹೂರಣ ತುಂಬಿ ಅಂಚು ಬಿಗಿಯಾಗಿ ಹಿಸುಕಿ, ಅಂಚು ಕೆಳಗಿಟ್ಟು ಮತ್ತೆ ಉಬ್ಬಲು ಬಿಡಿ. ಎಣ್ಣೆ 170 ಡಿಗ್ರಿ ಆಸುಪಾಸು. ಚೆನ್ನಾಗಿ ಉಬ್ಬಿದ್ದು ಎಣ್ಣೆಯಲ್ಲಿ ಅರ್ಧ ಮೇಲೆ ತೇಲುತ್ತದೆ, ಸೊಂಟದ ಸುತ್ತ ಬಿಳಿ ಪಟ್ಟಿ ಉಳಿಯುತ್ತದೆ. ಆ ಪಟ್ಟಿ ಇಲ್ಲದಿದ್ದರೆ ಉಬ್ಬು ಸಾಲಲಿಲ್ಲ ಅಂತ.

ಮೆದಿವ್ನಿಕ್ ಕಲ್ಲಿನ ಹಾಗೆ ಬಂತು. ಎಸೆಯಲಾ?

ಎಸೆಯಬೇಡಿ! ಬಟರ್ ಪೇಪರ್, ಬಟ್ಟೆ ಸುತ್ತಿ ಮೂರು ದಿನ ಡಬ್ಬಿಯಲ್ಲಿಡಿ. ಜೇನು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಕೇಕು ತಾನೇ ಮೆತ್ತಗಾಗುತ್ತದೆ. ಕ್ರಿಸ್ಮಸ್‌ಗೆ ಒಂದು ವಾರ ಮೊದಲೇ ಮಾಡಿಡುವುದು ಅದಕ್ಕೇ. ತೆಳು ಪದರಕ್ಕೆ ಕೆನೆ ಹಚ್ಚಿ ಜೋಡಿಸುವ ಮೆದೊವಿಕ್ ಬೇರೆ, ಇದು ಬೇರೆ.

250 ಗ್ರಾಂ ಜೇನನ್ನು ದೊಡ್ಡ ಪಾತ್ರೆಯಲ್ಲಿ ಕಾಯಿಸಿ. ಕಡು ಕಂದಾದ ಮೇಲೆ ಉರಿ ಆರಿಸಿ ಒಂದು ಚಮಚ ಅಡುಗೆ ಸೋಡಾ ಹಾಕಿ. ಉಕ್ಕಿ ಮೇಲೇರುತ್ತದೆ, ಸಣ್ಣ ಪಾತ್ರೆ ಇಟ್ಟರೆ ಒಲೆಯೆಲ್ಲ ಜೇನು. ಆರಿದ ಮೇಲೆ 100 ಗ್ರಾಂ ಬೆಣ್ಣೆ, 120 ಗ್ರಾಂ ಸಕ್ಕರೆ, 4 ಮೊಟ್ಟೆ ಹಳದಿ, 150 ಗ್ರಾಂ ಹುಳಿ ಕೆನೆ, 350 ಗ್ರಾಂ ಮೈದಾ, ಚಕ್ಕೆ, ಲವಂಗ, ಜಾಯಿಕಾಯಿ ಪುಡಿ, ಅಕ್ರೋಟು. ಕೊನೆಗೆ ಕಡೆದ ಬಿಳಿ. 160 ಡಿಗ್ರಿಯಲ್ಲಿ ಸುಮಾರು ಒಂದು ತಾಸು. ಅಲ್ಲಿ ಹುರುಳಿಯಂಥ ಕಡು ಬಣ್ಣದ ಬಕ್‌ವೀಟ್ ಹೂವಿನ ಜೇನು ಬಳಸುತ್ತಾರೆ. ಕೊಡಗಿನ ಕಡು ಕಾಡುಜೇನು ಸಿಕ್ಕರೆ ಅದನ್ನು ಹಾಕಿ. ತಿಳಿ ಬಣ್ಣದ ಬಾಟಲಿ ಜೇನಿನಲ್ಲಿ ಬರೀ ಸಿಹಿ ಬರುತ್ತದೆ.

ಮಾಕಿವ್ನಿಕ್ ಪಕ್ಕದಲ್ಲಿ ಬಿರಿಯುತ್ತೆ, ಒಳಗೆ ಹೂರಣಕ್ಕೂ ಹಿಟ್ಟಿಗೂ ನಡುವೆ ಪೊಳ್ಳು.

ಇವು ಎರಡು ಬೇರೆ ಬೇರೆ ತೊಂದರೆ. ಬಿರಿಯುವುದು ಬಿಗಿಯಾಗಿ ಸುತ್ತಿದ್ದಕ್ಕೆ, ಅಥವಾ ಎರಡನೇ ಉಬ್ಬು ಸಾಲದ್ದಕ್ಕೆ. ಸುರುಳಿಯನ್ನು ಬಟರ್ ಪೇಪರ್‌ನಲ್ಲಿ ಬೆರಳು ಹೋಗುವಷ್ಟು ಸಡಿಲವಾಗಿ ಸುತ್ತಿ, ಎರಡು ತುದಿ ತೆರೆದಿಟ್ಟು, ಅಂಚು ಕೆಳಗೆ ಮಾಡಿ ಬೇಯಿಸಿ. ಪೊಳ್ಳು ಬರುವುದು ಹೂರಣದ ನೀರಿನಿಂದ. ಗಸಗಸೆಯನ್ನು ಬಟ್ಟೆಯಲ್ಲಿ ಹಿಂಡಿ, ಅರೆದು, ಜೇನಿನೊಂದಿಗೆ ಬಾಣಲೆಯಲ್ಲಿ ಗಟ್ಟಿ ಮಾಡಿ. ಆರಿದ ಮೇಲೆ ಕಡೆದ ಮೊಟ್ಟೆ ಬಿಳಿ ಒಂದು ಬೆರೆಸಿದರೆ ಹೂರಣ ಹಿಟ್ಟಿಗೆ ಕಚ್ಚಿಕೊಳ್ಳುತ್ತದೆ. ಉಪವಾಸದ ಸುರುಳಿಗೆ ಬಿಳಿ ಬದಲು ಒಂದು ಚಮಚ ರವೆ. ಬೇಯಿಸುವ ಮೊದಲು ಉದ್ದಕ್ಕೂ ಸೂಜಿಯಿಂದ ಚುಚ್ಚಿ.

ವೆರ್ಹುನಿಗೆ (ಕರಿದ ಗರಿಗರಿ ಸಿಹಿ ಪಟ್ಟಿ) ವೋಡ್ಕಾ ಯಾಕೆ ಹಾಕ್ತಾರೆ? ಬಿಟ್ರೆ ಆಗಲ್ವಾ?

ಎಣ್ಣೆಗೆ ಬಿದ್ದ ಕೂಡಲೇ ಮದ್ಯ ಆವಿಯಾಗಿ ಸಣ್ಣ ಗುಳ್ಳೆ ಏಳಿಸುತ್ತದೆ, ತೆಳ್ಳನೆ ಪಟ್ಟಿ ಗರಿಗರಿಯಾಗುತ್ತದೆ. ಬೇಡದವರು ಒಂದು ಚಮಚ ವಿನಿಗರ್ ಹಾಕಿ. ಲಟ್ಟಿಸುವುದು ಮಾತ್ರ ಆಚೆ ಕಡೆ ಕಾಣುವಷ್ಟು ತೆಳ್ಳಗೆ.

## ಕೈ ಪಳಗಿದವರಿಗೆ

ಮೂರು ಕೊಲಾಚ್ ಒಂದರ ಮೇಲೊಂದು ಇಟ್ಟು ನಡುವೆ ಮೇಣದಬತ್ತಿ ನಿಲ್ಲಿಸ್ತಾರಲ್ಲ, ಅದು ಹೇಗೆ ನೆಟ್ಟಗೆ ನಿಲ್ಲುತ್ತೆ?

ಮೂರನ್ನೂ ಬೇರೆ ಬೇರೆ ಬೇಯಿಸಿ, ಆರಿದ ಮೇಲೆ ಜೋಡಿಸುವುದು. ಮೂರು ಉಂಗುರ ತ್ರಿತ್ವದ ಗುರುತು. ಹಿಟ್ಟನ್ನು ಮೂರು ಸಮ ಪಾಲು ಮಾಡದೆ, ಕೆಳಗಿನದಕ್ಕೆ ಸ್ವಲ್ಪ ಜಾಸ್ತಿ, ಮೇಲಿನದಕ್ಕೆ ಕಡಿಮೆ ತೂಗಿ. ನಡುವಿನ ತೂತು ಬೇಯುವಾಗ ಮುಚ್ಚಿಹೋಗದಂತೆ ಹೊರಗೆ ಎಣ್ಣೆ ಸವರಿದ ಸ್ಟೀಲ್ ಲೋಟ ನಿಲ್ಲಿಸಿ ಸುತ್ತ ಜಡೆ ಸುತ್ತಿ. ಜಡೆಯ ತುದಿಗಳನ್ನು ಓರೆಯಾಗಿ ಕತ್ತರಿಸಿ, ನೀರು ಹಚ್ಚಿ ಒಂದರೊಳಗೊಂದು ಸಿಕ್ಕಿಸಿದರೆ ಸೇರಿದ ಜಾಗ ಕಾಣುವುದಿಲ್ಲ. ಹಿಟ್ಟು ಗಟ್ಟಿ ಇರಬೇಕು. 500 ಗ್ರಾಂಗೆ 250 ಮಿ.ಲೀ. ನೀರು, 50 ಮಿ.ಲೀ. ಎಣ್ಣೆ ಸಾಕು. ಮೊಟ್ಟೆ ಬಳಿಯದೆಯೂ ಹೊಳಪು ಬರಬೇಕೆಂದರೆ ಓವನ್‌ನಿಂದ ತೆಗೆದ ಕೂಡಲೇ ಜೇನುನೀರು ಸವರಿ.

ಉಕ್ರೇನಿ ಗೆಳತಿಯ ಮದುವೆ. ನಾನೇ ಕೊರೊವಾಯ್ ಮಾಡಿಕೊಡ್ಲಾ?

ಮೊದಲು ಅವಳ ಅಮ್ಮನನ್ನು ಕೇಳಿ. ಕೊರೊವಾಯ್ ಯಾರು ಬೇಕಾದರೂ ಮಾಡುವಂಥದ್ದಲ್ಲ ಅನ್ನುವುದು ಹಳೇ ಪದ್ಧತಿ. ಸುಖವಾಗಿ ಸಂಸಾರ ಮಾಡುತ್ತಿರುವ ಹೆಂಗಸರು, ಬೆಸ ಸಂಖ್ಯೆಯಲ್ಲಿ, ಹೆಚ್ಚಾಗಿ ಏಳು ಜನ, ಹಾಡು ಹೇಳುತ್ತಾ ನಾದಬೇಕು. ವಿಧವೆಯರನ್ನು, ಗಂಡ ಬಿಟ್ಟವರನ್ನು ಕರೆಯುತ್ತಿರಲಿಲ್ಲ. ಈ ಭೇದ ನಮಗೂ ಹೊಸದೇನಲ್ಲ, ಇಷ್ಟವಾಗುವಂಥದ್ದೂ ಅಲ್ಲ. ಈಗ ಬಹಳ ಮಂದಿ ಬೇಕರಿಯಿಂದ ತರಿಸುತ್ತಾರೆ. ಆದರೂ ಕೆಲವು ಮನೆಗಳಿಗೆ ಇದು ಮುಖ್ಯ, ಹಾಗಾಗಿ ಕೇಳುವುದು ಒಳ್ಳೆಯದು.

ಒಪ್ಪಿದರೆ ಧೈರ್ಯವಾಗಿ ಮಾಡಿ. ಹಿಟ್ಟು ಪಾಸ್ಕಾದ್ದೇ, ಹಾಲು ಕಡಿಮೆ ಹಾಕಿ ಗಟ್ಟಿ ಮಾಡಿದ್ದು. ಅಲಂಕಾರದ ಹಿಟ್ಟಿನ ಹಕ್ಕಿಗಳನ್ನು ಬೇರೆ ಬೇಯಿಸಿ ಕಡ್ಡಿಯಿಂದ ಚುಚ್ಚಿ ನಿಲ್ಲಿಸಿ. ಬ್ರೆಡ್ಡಿನ ಮೇಲೇ ಬೇಯಿಸಿದರೆ ಕೊಕ್ಕು ಮೊದಲು ಸುಡುತ್ತದೆ. ಸುತ್ತಲೂ ಬಾರ್ವಿನೊಕ್ ಬಳ್ಳಿಯ ಎಲೆ ಇಡುವುದು ಪದ್ಧತಿ. ದೊಡ್ಡದಾದರೆ 150 ಡಿಗ್ರಿಗಿಂತ ಮೇಲೆ ಹೋಗಬೇಡಿ, ಹೊರಗೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ. ಹಂಚುವಾಗ ಮೇಲಿನ ಭಾಗ ಮದುಮಕ್ಕಳಿಗೆ, ತಳ ವಾದ್ಯದವರಿಗೆ. ಕಡ್ಡಿ ಇರುವ ಜಾಗ ಕತ್ತರಿಸುವವರಿಗೆ ಹೇಳಿಡಿ.

ಮಕ್ಕಳ ಜೊತೆ ಮಾಡೋಕೆ ಏನಾದ್ರೂ ಇದೆಯಾ? ಬರೀ ತಿನ್ನೋದಲ್ಲ, ಆಟ ಬೇಕು.

ಕಲಿತಾ! ಸಂತ ಅಂದ್ರಿಯ ದಿನದ ಹಿಂದಿನ ರಾತ್ರಿಯದು. ನಡುವೆ ತೂತಿರುವ, ಜೇನು ಹಾಕಿದ ಗಟ್ಟಿ ಚಪ್ಪಟೆ ಬ್ರೆಡ್ಡು. ಅದನ್ನು ಕೆಂಪು ದಾರದಲ್ಲಿ ಮನೆಯ ತೊಲೆಗೆ ನೇತುಹಾಕುತ್ತಾರೆ. ಒಬ್ಬೊಬ್ಬರೇ ಒಲೆಯ ಕೋಲನ್ನು ಕುದುರೆ ಮಾಡಿಕೊಂಡು ಬಂದು, ಕೈ ಮುಟ್ಟದೆ ನೆಗೆದು ಕಚ್ಚಬೇಕು. ಪಕ್ಕದಲ್ಲಿ ಮಸಿ ಬಟ್ಟಲು ಹಿಡಿದ ಕಾವಲುಗಾರ ನಿಂತು ನಗಿಸಲು ನೋಡುತ್ತಾನೆ. ನಕ್ಕರೆ ಮುಖಕ್ಕೆ ಮಸಿ. ಅದೇ ರಾತ್ರಿ ಹುಡುಗಿಯರು ಬಾಯಲ್ಲಿ ಬಾವಿ ನೀರು ತಂದು ಪುಟ್ಟ ಬನ್ನು ಕಲಸುತ್ತಿದ್ದರು. ಬೆಂದ ಬನ್ನುಗಳನ್ನು ಸಾಲಾಗಿಟ್ಟು ಹಸಿದ ನಾಯಿಯನ್ನು ಬಿಡುವುದು. ಯಾರ ಬನ್ನು ಮೊದಲು ತಿಂದಿತೋ ಅವಳ ಮದುವೆ ಮೊದಲು.

ಮನೆಯಲ್ಲಿ ಮಾಡುವಾಗ ಹಿಟ್ಟು ಕೊಲಾಚ್‌ನದ್ದೇ ಸಾಕು. ಒಂದು ಬೆರಳು ದಪ್ಪ ತಟ್ಟಿ, ಜೇನುನೀರು ಸವರಿ ಚೆನ್ನಾಗಿ ಒಣಗುವ ತನಕ ಬೇಯಿಸಿ. ಮೆತ್ತಗಾದರೆ ಮೊದಲ ನೆಗೆತಕ್ಕೇ ದಾರದಿಂದ ಹರಿದು ಬೀಳುತ್ತದೆ.

ಚರ್ಚಿನಲ್ಲಿ ಆಶೀರ್ವಾದ ಮಾಡಿಸಿದ ಪಾಸ್ಕಾ ನೆರೆಯವರು ಕೊಟ್ಟರು. ಉಳಿದದ್ದು ಏನು ಮಾಡ್ಲಿ? ಎಷ್ಟು ದಿನ ಇಡಬಹುದು?

ಬುಟ್ಟಿಯಲ್ಲಿ ಮೊಟ್ಟೆ, ಬೆಣ್ಣೆ, ಉಪ್ಪು, ಮಾಂಸದ ಜೊತೆ ಕಸೂತಿ ಬಟ್ಟೆ ಹೊದಿಸಿ ಒಯ್ದು ಪವಿತ್ರ ಮಾಡಿಸಿದ್ದು ಅದು. ಅದರ ಚೂರನ್ನೂ ಕಸದ ಬುಟ್ಟಿಗೆ ಹಾಕುವುದಿಲ್ಲ. ಹಕ್ಕಿಗೆ ಹಾಕಿ, ಇಲ್ಲವೇ ಗಿಡದ ಬುಡದಲ್ಲಿ ಹೂಳಿ. ಒಣಗಿದ್ದನ್ನು ಸೀಳಿ 120 ಡಿಗ್ರಿಯಲ್ಲಿ ರಸ್ಕ್ ಮಾಡಿದರೆ ಕಾಫಿಗೆ ಸೊಗಸಾಗಿರುತ್ತದೆ.

ನೀವೇ ಮಾಡಿದ ಪಾಸ್ಕಾ ಬಟ್ಟೆ ಸುತ್ತಿ ಹೊರಗಿಟ್ಟರೆ ನಾಲ್ಕು ದಿನ ಚೆನ್ನಾಗಿರುತ್ತದೆ. ಕರಾವಳಿಯ ಸೆಕೆಗೆ ಎರಡೇ ದಿನ. ಫ್ರಿಜ್ಜಿನಲ್ಲಿಟ್ಟರೆ ಬೇಗ ಒರಟಾಗುತ್ತದೆ. ಜಾಸ್ತಿ ದಿನಕ್ಕೆ ಹೋಳು ಮಾಡಿ ಫ್ರೀಜರ್‌ನಲ್ಲಿಡಿ, ತಿಂಗಳಿನ ತನಕ ತೊಂದರೆ ಇಲ್ಲ. ಐಸಿಂಗ್ ಹಾಕಿದ್ದನ್ನು ಫ್ರೀಜ್ ಮಾಡಬೇಡಿ, ಹೊರತೆಗೆದಾಗ ನೀರು ಬಿಟ್ಟು ಅಂಟಂಟಾಗುತ್ತದೆ. ಜಡೆಯದ್ದಾದರೆ ಹೊರಗಿಟ್ಟು ಕರಗಿಸಿ, ತವಾದ ಮೇಲೆ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ತಿನ್ನಿ.